ಮೀಟರ್ ನಗುತ್ತಿದೆ, ಆಂಟೆನಾ ನೆಲದ ಮೇಲಿದೆ

ಗಾಳಿಮಳೆ ಹೊಡೆದ ಮರುದಿನ ಹ್ಯಾಮ್ ಮಹಾಶಯರು, ಅಂದರೆ ಹವ್ಯಾಸಿ ರೇಡಿಯೊದವರು, ರಿಗ್ (ಮಾತು ಕಳಿಸುವ, ಕೇಳಿಸುವ ರೇಡಿಯೊ ಪೆಟ್ಟಿಗೆ) ಆನ್ ಮಾಡುತ್ತಾರೆ. ಮೊದಲು ಕಣ್ಣು ಹೋಗುವುದು ಎಸ್‌ಡಬ್ಲ್ಯುಆರ್ ಮೀಟರಿನ ಮೇಲೆ. ಕಳಿಸಿದ ಶಕ್ತಿಯಲ್ಲಿ ಎಷ್ಟು ತಿರುಗಿ ಬಂತು ಎಂದು ಹೇಳುವುದು ಅದರ ಕೆಲಸ; 1.0 ಅಂದರೆ ಏನೂ ಬರಲಿಲ್ಲ. 1.7 ತೋರಿಸುತ್ತಿದೆ. ಎರಡರೊಳಗಿದೆಯಲ್ಲ, ಸಾಕು. ಮೈಕ್ ಹಿಡಿದು ಕರೆಯಲು ಶುರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಯಾರೂ ಓಗೊಡುವುದಿಲ್ಲ. ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್ ಕೆಟ್ಟಿದೆ ಎಂದು ತೀರ್ಮಾನವಾಗುತ್ತದೆ; ಅದನ್ನು ನೋಡಿಕೊಳ್ಳುವವರಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಸಲ್ಲುತ್ತದೆ. ಸಂಜೆ ಹೊರಗೆ ಬಂದು ತಲೆಯೆತ್ತಿದರೆ ಕಂಬದ ತುದಿಯಲ್ಲಿ ಕೇಬಲಿನ ಬಾಲ ಮಾತ್ರ ತೂಗಾಡುತ್ತಿದೆ. ಆಂಟೆನಾ ಹೂಗಿಡಗಳ ನಡುವೆ ಅಂಗಾತ ಮಲಗಿದೆ.

ಮೀಟರ್ ಸುಳ್ಳು ಹೇಳಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದೆ. 30 ಮೀಟರ್ ಉದ್ದದ, ತೆಳುವಾದ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 6 ಡೆಸಿಬಲ್ ನುಂಗುತ್ತದೆ. ಅಂದರೆ 40 ವಾಟ್ ಕಳಿಸಿದರೆ ಮೇಲೆ ತಲುಪುವುದು 10 ವಾಟ್. ಅಲ್ಲಿ ಆಂಟೆನಾ ಇಲ್ಲದ್ದರಿಂದ ಆ ಹತ್ತೂ ವಾಟ್ ತಿರುಗಿ ಹೊರಡುತ್ತದೆ, ದಾರಿಯಲ್ಲಿ ಮತ್ತೆ ಮುಕ್ಕಾಲು ಭಾಗ ಕಳೆದುಕೊಂಡು ಎರಡೂವರೆ ವಾಟ್ ಆಗಿ ಮನೆ ಸೇರುತ್ತದೆ. 40 ಹೋಗಿ ಎರಡೂವರೆ ಮರಳಿದರೆ ಮೀಟರಿನ ಲೆಕ್ಕದಲ್ಲಿ ಅದು 1.7. ಉಳಿದದ್ದೆಲ್ಲ ಕೇಬಲನ್ನು ಬೆಚ್ಚಗಿಡಲು ಖರ್ಚು. ಕೇಬಲ್ ಎಷ್ಟು ಕೆಟ್ಟದೋ ಮೀಟರ್ ಅಷ್ಟು ಪ್ರಸನ್ನ. ನಿಜ ಬೇಕಿದ್ದರೆ ಮೀಟರನ್ನು ಮೇಲಕ್ಕೆ ಒಯ್ದು ಆಂಟೆನಾದ ಬುಡದಲ್ಲೇ ಸಿಕ್ಕಿಸಿ ನೋಡಬೇಕು. ಅದೇ 30 ಮೀಟರಿಗೆ ದಪ್ಪನೆಯ ಎಲ್‌ಎಂಆರ್-400 ಹಾಕಿದರೆ ನಷ್ಟ ಒಂದೂವರೆ ಡೆಸಿಬಲ್. 40ರಲ್ಲಿ 28 ವಾಟ್ ಮೇಲೆ ತಲುಪುತ್ತದೆ. 7 ಮೆಗಾಹರ್ಟ್ಸ್‌ನಲ್ಲಾದರೆ ಆರ್‌ಜಿ-58 ಕೂಡ ಒಂದು ಡೆಸಿಬಲಿಗಿಂತ ತುಸು ಹೆಚ್ಚು ತಿನ್ನುತ್ತದೆ, ಅಷ್ಟೆ. ವಿಎಚ್‌ಎಫ್‌ನಲ್ಲಿ (145ರಂಥ ಮೇಲಿನ ಫ್ರೀಕ್ವೆನ್ಸಿ) ದುಡ್ಡನ್ನು ಕೇಬಲಿಗೆ ಸುರಿಯಿರಿ, ಎಚ್‌ಎಫ್‌ನಲ್ಲಿ (7ರಂಥ ಕೆಳಗಿನದು) ಎತ್ತರಕ್ಕೆ. ಬಹುತೇಕ ಹ್ಯಾಮ್‌ಗಳು ಎರಡನ್ನೂ ಬಿಟ್ಟು ಹೊಸ ರಿಗ್‌ಗೆ ಸುರಿಯುತ್ತಾರೆ.

ಈ ಎಸ್‌ಡಬ್ಲ್ಯುಆರ್ ಭಯವೂ ಒಂದು ವಿಚಿತ್ರ ಕಾಯಿಲೆ. 1.5 ಇದ್ದರೆ ತಿರುಗಿ ಬರುವುದು ನೂರಕ್ಕೆ 4 ಪಾಲು. 2 ಇದ್ದರೆ 11. 3 ಆದಾಗ 25. 1.5ನ್ನು 1.1ಕ್ಕೆ ಇಳಿಸಲು ರಜೆ ಹಾಕಿ ಏಣಿ ಹತ್ತುವವರಿದ್ದಾರೆ. ಅತ್ತ ಕಡೆ ಕೇಳುವವನ ಸಿಗ್ನಲ್ ಬಲ ತೋರಿಸುವ ಎಸ್-ಮೀಟರಿನ ಮುಳ್ಳಿಗೆ ಆ ತ್ಯಾಗ ಗೊತ್ತೇ ಆಗುವುದಿಲ್ಲ. ಒಂದು ಎಸ್ ಯೂನಿಟ್ ಅಂದರೆ 6 ಡೆಸಿಬಲ್, ಇವರು ಉಳಿಸಿದ್ದು ಅರ್ಧ ಡೆಸಿಬಲ್ ಕೂಡ ಅಲ್ಲ.

ಶುರು ಮಾಡುವವರಿಗೆ ಅರ್ಧ ತರಂಗದ ಡೈಪೋಲ್‌ಗಿಂತ ಒಳ್ಳೆಯ ಗುರು ಇಲ್ಲ. ನಡುವೆ ಕೇಬಲ್, ಎರಡೂ ಬದಿಗೆ ಚಾಚಿದ ಕೈಗಳಂಥ ತಂತಿ, ಒಟ್ಟು ಉದ್ದ ರೇಡಿಯೊ ತರಂಗದ ಅರ್ಧ. ಬೇಕಾದ್ದು ಎರಡು ತುಂಡು ತಂತಿ, ಮೂರು ಇನ್ಸುಲೇಟರ್, ಒಂದು ಕೇಬಲ್, ಒಂದು ಭಾಗಾಕಾರ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ 20.14 ಮೀಟರ್, ಒಂದೊಂದು ಕೈಗೆ 10.07. ಎಡವಟ್ಟು ಇಲ್ಲೇ ಆರಂಭ. ಸೂತ್ರ ಹೇಳಿತೆಂದು ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿದವರಿಗೆ ಇನ್ಸುಲೇಟರಿಗೆ ಸುತ್ತಿ ಗಂಟು ಹಾಕಲು ತಂತಿ ಬೇಕೆಂಬುದು ಮರೆತಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ ಅದು ಬರಿ ತಂತಿಗಿಂತ ನೂರಕ್ಕೆ ಎರಡರಿಂದ ಐದರಷ್ಟು ಗಿಡ್ಡವಿರಬೇಕು ಎಂಬುದು ಇನ್ನೊಂದು ತಕರಾರು. ನೆಲದಿಂದ ಎತ್ತರ, ಪಕ್ಕದ ತಗಡಿನ ಚಾವಣಿ, ಇವೂ ತಮ್ಮ ಪಾಲು ಕೇಳುತ್ತವೆ. ಆದ್ದರಿಂದ ಒಂದೊಂದು ಕೈಗೆ ಹತ್ತೂವರೆ ಮೀಟರ್ ಬಿಟ್ಟು ಮೇಲೇರಿಸಿ ಅಳೆಯಿರಿ. ಒಟ್ಟು 21 ಮೀಟರಿನ ತಂತಿಗೆ ತಗ್ಗು, ಅಂದರೆ ಎಸ್‌ಡಬ್ಲ್ಯುಆರ್ ಅತಿ ಕಡಿಮೆಯಾಗುವ ಫ್ರೀಕ್ವೆನ್ಸಿ, 6.75ರಲ್ಲಿ ಸಿಕ್ಕಿತು ಅನ್ನೋಣ. 21ನ್ನು 6.75ರಿಂದ ಗುಣಿಸಿ 7.1ರಿಂದ ಭಾಗಿಸಿ: 19.96. ಒಂದೊಂದು ಕಡೆಯೂ 52 ಸೆಂಟಿಮೀಟರ್ ತೆಗೆಯಬೇಕು. ತೆಗೆಯುವುದು ಅಂದರೆ ಕತ್ತರಿಸುವುದಲ್ಲ. ತುದಿಯನ್ನು ಹಿಂದಕ್ಕೆ ಮಡಚಿ ತಂತಿಯ ಮೇಲೇ ಬಿಗಿಯಾಗಿ ಸುತ್ತಿ, ಮತ್ತೆ ಅಳೆದು, ಒಂದು ವಾರ ಬಳಸಿ, ಆಮೇಲೆ ಮನಸ್ಸಿದ್ದರೆ ಕತ್ತರಿ ಹಿಡಿಯಿರಿ. ತಗ್ಗು ಕೆಳಗಿನ ಫ್ರೀಕ್ವೆನ್ಸಿಯಲ್ಲಿದ್ದರೆ ತಂತಿ ಉದ್ದ, ಮೇಲಿದ್ದರೆ ಗಿಡ್ಡ. ಇದನ್ನು ಕಂಬಕ್ಕೆ ಬರೆದು ಅಂಟಿಸುವುದು ಲೇಸು, ಏಕೆಂದರೆ ಏಣಿಯ ಮೇಲೆ ನಿಂತಾಗ ಎಲ್ಲರಿಗೂ ಇದು ತಿರುಗುಮುರುಗಾಗಿಯೇ ಹೊಳೆಯುತ್ತದೆ. ಮೂರು ಸಲ ಕತ್ತರಿಸಿದರೂ ಗಿಡ್ಡವಾಗಿಯೇ ಉಳಿದ ತಂತಿಗಳು ಎಲ್ಲ ಹ್ಯಾಮ್‌ಗಳ ಪೆಟ್ಟಿಗೆಯಲ್ಲೂ ಸಿಗುತ್ತವೆ.

ಎತ್ತರದ ಮಾತು. 7 ಮೆಗಾಹರ್ಟ್ಸ್ ಡೈಪೋಲ್ ದೂರದವರನ್ನು ಮಾತಾಡಿಸಬೇಕಾದರೆ ಅರ್ಧ ತರಂಗದಷ್ಟು, ಅಂದರೆ 20 ಮೀಟರ್ ಮೇಲಿರಬೇಕು. ಬಹಳಷ್ಟು ಮನೆಗಳಲ್ಲಿ ಅದು ಇರುವುದು ಆರು ಮೀಟರಿನಲ್ಲಿ. ಆಗ ಶಕ್ತಿಯೆಲ್ಲ ನೆತ್ತಿಯ ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ ಬಡಿದು ಕೆಲವು ನೂರು ಕಿಲೋಮೀಟರಿನೊಳಗೆ ಬಂದು ಬೀಳುತ್ತದೆ. ಹತ್ತಿರದವರ ಜೊತೆ ಹರಟೆಗೆ ಇದೇ ಬೇಕು, ದೋಷವೇನಲ್ಲ. ಆದರೆ ಹೀಗೆ ಕಟ್ಟಿಕೊಂಡು ಖಂಡಾಂತರ ಸಿಗಲಿಲ್ಲವೆಂದು ಸೂರ್ಯನ ಕಲೆಗಳನ್ನು ದೂರುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ. ಒಂದೇ ಕಂಬವಿದ್ದರೆ ನಡುವನ್ನು ಅದರ ತುದಿಗೆ ಕಟ್ಟಿ ಎರಡು ಕೈಗಳನ್ನು ಇಳಿಬಿಡಿ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ, ತುದಿಗಳು ಆಳೆತ್ತರಕ್ಕಿಂತ ಚೆನ್ನಾಗಿ ಮೇಲಿರಲಿ. ಡೈಪೋಲಿನ ತುದಿಯಲ್ಲಿ ವೋಲ್ಟೇಜ್ ಅತಿ ಹೆಚ್ಚು, 100 ವಾಟ್‌ನಲ್ಲಿ ಕೈ ತಾಗಿದರೆ ಚರ್ಮ ಸುಡುತ್ತದೆ. ಹಗ್ಗವೆಂದು ತಿಳಿದು ಒದ್ದೆ ಬಟ್ಟೆ ಒಣಹಾಕುವ ಮನೆಮಂದಿಗೆ ಇದನ್ನು ಮೊದಲೇ ತಿಳಿಸಿಡಿ. ಬಟ್ಟೆ ಬಿದ್ದ ತಂತಿಯ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ, ಸಂಜೆ ಬಟ್ಟೆ ತೆಗೆದ ಮೇಲೆ ತಾನಾಗಿ ಸರಿಹೋಗುತ್ತದೆ, ನಡುವೆ ಹ್ಯಾಮ್ ಮಾತ್ರ ಎಲ್ಲ ಕನೆಕ್ಟರುಗಳನ್ನೂ ಬಿಚ್ಚಿ ಹಾಕಿರುತ್ತಾನೆ. ತಂತಿಯ ತುದಿಯನ್ನು ಮರಕ್ಕೆ ಗಟ್ಟಿಯಾಗಿ ಬಿಗಿದರೆ ಮರ ತೂಗಿದ ದಿನ ತಂತಿ ಹರಿಯುತ್ತದೆ. ರಾಟೆಯೊಂದರ ಮೇಲೆ ಹಗ್ಗ ಹಾಯಿಸಿ ಕೆಳಗೆ ಭಾರ ತೂಗುಬಿಡಿ.

ಕಂಬ ನಿಲ್ಲಿಸುವಾಗ ಮಾತ್ರ ತಮಾಷೆ ಬೇಡ. ವಿದ್ಯುತ್ ಲೈನಿನಿಂದ ಕಂಬದ ಎತ್ತರದ ಕನಿಷ್ಠ ಒಂದೂವರೆ ಪಟ್ಟು ದೂರ ಇರಬೇಕು. ಯಾವ ಕಡೆ ಬಿದ್ದರೂ, ಹಾರಿದ ತಂತಿ ಎತ್ತ ಹೋದರೂ ಲೈನ್ ಸಿಗಬಾರದು. ಗುಡುಗು ಕೇಳಿಸುವ ಮೊದಲೇ ಕೇಬಲ್ ಬಿಚ್ಚಿ ಹೊರಗಿಡಿ.

ನೆಟ್ಟಗೆ ನಿಲ್ಲುವ ವರ್ಟಿಕಲ್ ಆಂಟೆನಾದ ತಮಾಷೆ ಬೇರೆ. ಕಾಲು ತರಂಗದ ಕಂಬದ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಸುಮಾರು 36 ಓಮ್; ರಿಗ್‌ಗೂ ಕೇಬಲಿಗೂ ಒಗ್ಗುವುದು 50. ನೆಲದಲ್ಲಿ ಬುಡದಿಂದ ಸುತ್ತ ಹರಡುವ ನಾಲ್ಕೇ ನಾಲ್ಕು ರೇಡಿಯಲ್ ತಂತಿ ಹಾಸಿದರೆ ಮಣ್ಣಿನ ನಷ್ಟ ಒಂದು 14 ಓಮ್ ಸೇರಿ ಒಟ್ಟು 50 ಆಗಬಹುದು. ಮೀಟರ್ 1.0 ಅನ್ನುತ್ತದೆ, ಹ್ಯಾಮ್ ಹಿಗ್ಗುತ್ತಾನೆ. ಶಕ್ತಿಯ ನೂರಕ್ಕೆ 28 ಪಾಲು ಎರೆಹುಳುಗಳಿಗೆ ಹೋಗುತ್ತಿದೆ. ಬುದ್ಧಿ ಬಂದು ಇನ್ನೂ ಮೂವತ್ತು ರೇಡಿಯಲ್ ಹಾಸಿದ ಮೇಲೆ ಮಣ್ಣಿನ ಪಾಲು ಇಳಿದು ಮೀಟರ್ 1.3 ತೋರಿಸುತ್ತದೆ. ಬೆನ್ನು ಬಗ್ಗಿಸಿ ದುಡಿದದ್ದಕ್ಕೆ ಮೀಟರ್ ಕೊಟ್ಟ ಬಹುಮಾನ ಇದು. ಕಿತ್ತುಹಾಕಬೇಡಿ, ಅದೇ ಒಳ್ಳೆಯ ಸುದ್ದಿ. ನೆಲದ ಮೇಲಿನ ರೇಡಿಯಲ್‌ಗಳಿಗೆ ಉದ್ದದ ಮಡಿ ಮೈಲಿಗೆ ಇಲ್ಲ, ಸಂಖ್ಯೆ ಮುಖ್ಯ.

ಜಾಗವಿಲ್ಲದವರ ಅಚ್ಚುಮೆಚ್ಚು ಒಂದೇ ತುದಿಯಿಂದ ಶಕ್ತಿ ಕೊಡುವ ಅರ್ಧ ತರಂಗದ ತಂತಿ. ಸುಮಾರು 20 ಮೀಟರ್ ತಂತಿ 7, 14, 21, 28 ನಾಲ್ಕೂ ಬ್ಯಾಂಡಿಗೆ ಒಗ್ಗುತ್ತದೆ. ತುದಿಯ ಇಂಪೀಡೆನ್ಸ್ ಎರಡು ಸಾವಿರ ಓಮ್‌ನ ಮೇಲಿರುವುದರಿಂದ ಅದನ್ನು 50ರ ಆಸುಪಾಸಿಗೆ ಇಳಿಸುವ 49:1 ಟ್ರಾನ್ಸ್‌ಫಾರ್ಮರ್ ಬೇಕು: ಎಫ್‌ಟಿ240-43 ಫೆರೈಟ್ (ಕಾಂತೀಯ ಪದಾರ್ಥ) ಉಂಗುರದ ಮೇಲೆ 2 ಸುತ್ತಿಗೆ 14 ಸುತ್ತು. 9:1 ಪೆಟ್ಟಿಗೆ ಕೂಡ ಹೊರಗಿನಿಂದ ಹೀಗೇ ಕಾಣುತ್ತದೆ, ಅದು ಬೇರೆ ಜಾತಿ. ಅದಕ್ಕೆ ಅರ್ಧ ತರಂಗವಾಗದ ಉದ್ದದ ತಂತಿ ಬೇಕು. ಪೆಟ್ಟಿಗೆಗಳ ಮೇಲಿನ ಚೀಟಿ ಅಳಿಸಿಹೋದವರ ಪಾಡು ಹೇಳತೀರದು.

ಇಂಥ ಆಂಟೆನಾ ಹಾಕಿದ ಮನೆಯಲ್ಲೇ ಮೈಕ್ ತುಟಿಗೆ ಕಚ್ಚುವುದು, ಕಂಪ್ಯೂಟರ್ ಕೀಬೋರ್ಡ್ ತಾನೇ ಟೈಪ್ ಮಾಡುವುದು, ಪಕ್ಕದ ಕೋಣೆಯ ಸ್ಪೀಕರ್ ಹ್ಯಾಮ್ ದನಿಯಲ್ಲಿ ಗೊರಗುಟ್ಟುವುದು. ಭೂತವಲ್ಲ. ಕರೆಂಟ್ ಕೇಬಲಿನ ಒಳಗೆ ಹೋಗಿಬರುವುದು ಬಿಟ್ಟು ನಡುತಂತಿಯನ್ನು ಸುತ್ತಿದ ಜಾಲರಿಯ ಹೊರಮೈ ಮೇಲೆ ವಾಪಸು ಬರುತ್ತಿದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಗುರುತು ಹಿಡಿಯುವುದು ಸುಲಭ: ಕಡಿಮೆ ಪವರಿನಲ್ಲಿ ಕೇಬಲ್ ಹಿಡಿದು ಕೈ ಜಾರಿಸಿ, ಎಸ್‌ಡಬ್ಲ್ಯುಆರ್ ಕುಣಿದರೆ ಕೇಬಲ್ಲೇ ಆಂಟೆನಾ ಆಗಿದೆ ಎಂದರ್ಥ. ಎಫ್‌ಟಿ240-31 ಫೆರೈಟ್ ಉಂಗುರಕ್ಕೆ ತೆಳು ಕೋಆಕ್ಸ್ (ಇದೇ ಜಾಲರಿಯ ಕೇಬಲ್) ಹತ್ತು ಹನ್ನೆರಡು ಸುತ್ತು ಸುತ್ತಿ ಹಾಕಿದರೆ ಆ ದಾರಿಗೆ ಗೇಟು ಬೀಳುತ್ತದೆ. ಡೈಪೋಲ್‌ಗಾದರೆ ಇದನ್ನು ನಡುವೆ ಇಡಿ. ತುದಿಯಿಂದ ಕೊಡುವ ತಂತಿಗಾದರೆ ಟ್ರಾನ್ಸ್‌ಫಾರ್ಮರಿಗೆ ಒಂದೆರಡು ಮೀಟರಿನ ಪ್ರತಿತಂತಿ ಕಟ್ಟಿ ಆಮೇಲೆ ಇಡಿ, ಇಲ್ಲವಾದರೆ ಕರೆಂಟಿಗೆ ಹೋಗಲು ಬೇರೆ ಜಾಗವೇ ಇರುವುದಿಲ್ಲ.

ಒಂದೇ ದಿಕ್ಕಿಗೆ ಮುಖ ಮಾಡುವ, ಕಡ್ಡಿಗಳ ಸಾಲಿನ ಯಾಗಿ ಆಂಟೆನಾದಲ್ಲಿ ಎಡವಲು ಸ್ಥಳ ಇನ್ನೂ ವಿಶಾಲ. ಅತ್ಯಂತ ಉದ್ದದ ಕಡ್ಡಿ ಹಿಂದೆ, ಗಿಡ್ಡವು ಮುಂದೆ. ತಿರುಗಿ ಜೋಡಿಸಿದವರು ಎದುರಿಗೆ ಇಲ್ಲದವರನ್ನೇ ಚೆನ್ನಾಗಿ ಕೇಳುತ್ತಾರೆ. ರಿಪೀಟರುಗಳು ಲಂಬದಲ್ಲಿರುವಾಗ ನಿಮ್ಮದು ಅಡ್ಡ ಮಲಗಿದ್ದರೆ 20 ಡೆಸಿಬಲ್‌ವರೆಗೆ, ಅಂದರೆ ನೂರು ಪಟ್ಟು ನಷ್ಟ. ಲಂಬ ಯಾಗಿಯ ನಡುವೆ ಕಬ್ಬಿಣದ ಕಂಬ ಹಾದರೆ ಕಂಬವೂ ತಾನೊಂದು ಕಡ್ಡಿಯೆಂದು ಸೇರಿಕೊಳ್ಳುತ್ತದೆ. ಹೆಸರಿನ ಕಥೆಯಂತೂ ಸೊಗಸು. 1926ರಲ್ಲಿ ಜಪಾನಿನಲ್ಲಿ ಉಡಾ ಮತ್ತು ಯಾಗಿ ಇದನ್ನು ಪ್ರಕಟಿಸಿದರು. 1942ರಲ್ಲಿ ಸಿಂಗಪುರದಲ್ಲಿ ವಶವಾದ ಬ್ರಿಟಿಷ್ ರಡಾರ್ ಟಿಪ್ಪಣಿಗಳಲ್ಲಿ ‘ಯಾಗಿ’ ಎಂಬ ಪದ ಕಂಡು ಜಪಾನಿ ಸೇನೆಯವರೇ ತಲೆ ಕೆರೆದುಕೊಂಡರಂತೆ, ಅದು ನಿಮ್ಮದೇ ಪ್ರೊಫೆಸರ್ ಹೆಸರೆಂದು ಸೆರೆಯಾಳು ಹೇಳಬೇಕಾಯಿತಂತೆ. ಹಿತ್ತಲ ಗಿಡ ಮದ್ದಲ್ಲ.

ಈಗ ಕನೆಕ್ಟರ್. ಕಾರಣ ತಿಳಿಯದ ತೊಂದರೆಗಳ ತವರುಮನೆ ಇದೇ. ಪಿಎಲ್-259ಕ್ಕೆ ಬೆಸುಗೆ ಹಾಕುವ ಮೊದಲು ತಿರುಪಿನ ಉಂಗುರವನ್ನು ಕೇಬಲಿಗೆ ಏರಿಸಿಕೊಂಡಿರಬೇಕು. ಅತ್ಯಂತ ಹೊಳೆಯುವ, ನುಣುಪಾದ, ಸಂಪೂರ್ಣ ಬೆಸುಗೆ ಮುಗಿದ ಕ್ಷಣದಲ್ಲಿಯೇ ಉಂಗುರ ಮೇಜಿನ ಮೇಲೆ ಕೂತು ನೋಡುತ್ತಿರುತ್ತದೆ. 25 ವಾಟ್ ಐರನ್ನಿನಿಂದ ಕನೆಕ್ಟರ್ ಮೈ ಕಾಯುವುದಿಲ್ಲ. ಹತ್ತು ನಿಮಿಷ ಒತ್ತಿ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ನಡುತಂತಿ ಜಾರಿ ಜಾಲರಿಗೆ ಮುತ್ತಿಡುತ್ತದೆ. 80–100 ವಾಟ್ ಐರನ್, ದಪ್ಪ ತುದಿ, ಕಡಿಮೆ ಸಮಯ. ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಕೇಬಲ್ ಅಲುಗಾಡಿಸುತ್ತಾ ನೋಡಿ: ಆಚೆ ತುದಿ ಬಿಚ್ಚಿದ್ದರೆ ಅನಂತ, ಕ್ಲಿಪ್ ಹಾಕಿ ಜೋಡಿಸಿದ್ದರೆ ಒಂದು ಓಮ್ ಆಸುಪಾಸು. ಆಂಟೆನಾ ಸಮೇತ ಅಳೆದು ಸೊನ್ನೆ ಬಂತೆಂದು ಗಾಬರಿಯಾಗಬೇಡಿ, ಜೆ-ಪೋಲ್ ಮತ್ತು ಮಡಚಿದ ಡೈಪೋಲ್ ಎಂಬ ಆಂಟೆನಾಗಳು ಹುಟ್ಟಿನಿಂದಲೇ ಹಾಗೆ.

ಮಳೆ ಬಂದಾಗ ಕೆಟ್ಟು ಬಿಸಿಲಿಗೆ ಸರಿಯಾಗುವ ಆಂಟೆನಾದ ಕನೆಕ್ಟರಿನಲ್ಲಿ ನೀರಿದೆ. ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಅರ್ಧರ್ಧ ಮೇಲೆ ಬರುವಂತೆ, ಕೊನೆಯ ಪದರ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದ ಹಾಗೆ. ಹುಳಿ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನೀರು ಒಮ್ಮೆ ಜಾಲರಿಯೊಳಗೆ ಹೊಕ್ಕರೆ ಬತ್ತಿಯಂತೆ ಏರುತ್ತಾ ಹೋಗುತ್ತದೆ. ಕಪ್ಪಾದ ಜಾಲರಿ ಮುಗಿದು ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿ. ಕೇಬಲೇ ಮುಗಿದುಹೋದರೆ ಹೊಸದು ತನ್ನಿ.

ಆಂಟೆನಾ ಕೇಳುತ್ತಿಲ್ಲ, ಬರೀ ಗೊರ್ ಸದ್ದು ಎನ್ನುವವರು ರಿಗ್‌ಗೆ ಬ್ಯಾಟರಿ ಹಾಕಿ ಮನೆಯ ಮೇನ್ ಸ್ವಿಚ್ ಇಳಿಸಿ ನೋಡಲಿ. ಸದ್ದು ನಿಂತರೆ ಅಪರಾಧಿ ಮನೆಯಲ್ಲೇ ಇದ್ದಾನೆ: ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪ, ಇಲ್ಲವೇ ರಿಗ್‌ನ ಸ್ವಂತ ಪವರ್ ಸಪ್ಲೈ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಬೀದಿಯ ಕಂಬಗಳನ್ನು ಅನುಮಾನಿಸಿದವರು ಬಹಳ.

ಉಳಿದ ಪತ್ತೇದಾರಿಗೆ 50 ಓಮ್ ಡಮ್ಮಿ ಲೋಡ್ ಸಾಕು; ಆಂಟೆನಾ ಬದಲು ಹಾಕುವ, ಬಂದ ಶಕ್ತಿಯನ್ನೆಲ್ಲ ಬಿಸಿ ಮಾಡಿ ಮುಗಿಸುವ ರೆಸಿಸ್ಟರ್ ಅದು. ಮೊದಲು ರಿಗ್‌ಗೇ ಸಿಕ್ಕಿಸಿ. ಆಮೇಲೆ ಗಿಡ್ಡ ಪ್ಯಾಚ್ ಕೇಬಲಿನ ಆಚೆ (ಹಲವು ಸಲ ಕಳ್ಳ ಇಲ್ಲೇ). ಆಮೇಲೆ ಟ್ಯೂನರಿನ ಆಚೆ, ಕೊನೆಗೆ ಕಂಬದ ಮೇಲೆ. ಎಲ್ಲಿ 1.0 ಕೆಡುತ್ತದೋ ಅದರ ಹಿಂದಿನ ತುಂಡು ಕೆಟ್ಟಿದೆ. ಟ್ಯೂನರನ್ನು ಈ ಹೊತ್ತಿನಲ್ಲಿ ಬೈಪಾಸ್ ಮಾಡಿ. ಅದು ಆಂಟೆನಾ ಸರಿಮಾಡುವ ಯಂತ್ರವಲ್ಲ, ರಿಗ್‌ಗೆ ಸಮಾಧಾನ ಹೇಳುವ ಯಂತ್ರ. ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದವರು ಓಪನ್, ಶಾರ್ಟ್, ಲೋಡ್ ಮೂರನ್ನೂ ಕೇಬಲಿನ ತುದಿಯಲ್ಲಿ ಹಾಕಿ ಕ್ಯಾಲಿಬ್ರೇಟ್ ಮಾಡಿಕೊಂಡೇ ಅಳೆಯಬೇಕು.

ಹೀಗೆ ಎಲ್ಲ ಮುಗಿಸಿ, ಏಣಿ ಒಳಗಿಟ್ಟು, ಕೈ ತೊಳೆದು ಹ್ಯಾಮ್ ಮಹಾಶಯರು ಮತ್ತೆ ರಿಗ್ ಮುಂದೆ ಕೂರುತ್ತಾರೆ. ಮೀಟರ್ 1.0. ಇಂಥ ಸೂಜಿ ಇದುವರೆಗೆ ಕಂಡದ್ದಿಲ್ಲ. ಕಾಲು ಗಂಟೆ ಕರೆದ ಮೇಲೆ ಪಕ್ಕದ ಬೀದಿಯ ಹ್ಯಾಮ್ ಒಬ್ಬರೇ ಉತ್ತರಿಸುತ್ತಾರೆ: “ಫೈವ್ ನೈನ್, ತುಂಬ ಚೆನ್ನಾಗಿ ಕೇಳಿಸುತ್ತಿದ್ದೀರಿ, ಹೊಸ ಆಂಟೆನಾ ಏನು?” ಆಗ ಮೇಜಿನ ಕೆಳಗೆ ಕಾಲಿಗೆ ಏನೋ ಬಿಸಿ ತಾಗುತ್ತದೆ. ಡಮ್ಮಿ ಲೋಡ್.