ಸತ್ಯಾಂಶ: ಒಳಗಿನ ಎಲೆ ಹಳದಿಯಾದರೆ ಸ್ಪ್ರೂಸ್ ಸಾಯುತ್ತಿದೆಯೇ?

‘ಸ್ಪ್ರೂಸ್ ಮರದ ಒಳಗಿನ ಸೂಜಿಎಲೆ ಹಳದಿಯಾದರೆ ಮರ ಸಾಯುತ್ತಿದೆ, ತಕ್ಷಣ ಬುಡಕ್ಕೆ ಎಪ್ಸಮ್ ಉಪ್ಪು ಸುರಿಯಿರಿ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಗಾಬರಿ ಬೇಡ. ಸ್ಪ್ರೂಸ್ ಚಳಿನಾಡಿನ, ಸೂಜಿಯಂಥ ಎಲೆಯ ನಿತ್ಯಹಸಿರು ಮರ. ನಿತ್ಯಹಸಿರು ಎಂದರೆ ಎಲೆಯೇ ಉದುರದ ಮರವಲ್ಲ. ಸ್ಪ್ರೂಸಿನ ಸೂಜಿಎಲೆ ಸಾಮಾನ್ಯವಾಗಿ 5ರಿಂದ 7 ವರ್ಷ ಬದುಕುತ್ತದೆ. ಆಮೇಲೆ ಕಾಂಡದ ಹತ್ತಿರದ ಹಳೆಯ ಎಲೆಗಳು, ಹೆಚ್ಚಾಗಿ ಶರತ್ಕಾಲದಲ್ಲಿ, ಹಳದಿಯಾಗಿ ಉದುರುತ್ತವೆ. ಕೊಂಬೆಯ ತುದಿ ಹಸಿರಾಗಿದೆಯೇ ನೋಡಿ, ಅದೇ ಮುಖ್ಯ.

ತುದಿಯ ಹೊಸ ಎಲೆ ಕಂದಿದರೆ, ಇಲ್ಲವೇ ಕೆಳಗಿನ ಕೊಂಬೆಗಳು ಒಂದೊಂದಾಗಿ ಒಣಗುತ್ತ ಬಂದರೆ ಶಿಲೀಂಧ್ರವೋ ನೀರಿನ ಕೊರತೆಯೋ ಇರಬಹುದು. ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕೆಗಳು ಓಡಾಡಿದರೆ ನುಸಿಯ ಕಾಟವಿರಬಹುದು. ಎಪ್ಸಮ್ ಉಪ್ಪು ಮೆಗ್ನೀಸಿಯಂ ಕೊರತೆಗೆ ಮಾತ್ರ. ಮಣ್ಣು ಪರೀಕ್ಷಿಸದೆ ದಯವಿಟ್ಟು ಸುರಿಯಬೇಡಿ. ಸ್ಪ್ರೂಸಿನ ಬೇರು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡುವುದರಿಂದ ಒಣಹವೆಯಲ್ಲಿ ಅದು ಬೇಡುವುದು ನೀರನ್ನು.