ಯುವಮತದಾರರನ್ನು ನೀರಿನ ಪ್ರಶ್ನೆಯ ಮೂಲಕ ಮತಗಟ್ಟೆಗೆ ಕರೆಯಬೇಕೆ?

ಪರ

ಕೋಲಾರದ ಪದವಿ ಕಾಲೇಜೊಂದರಲ್ಲಿ ಮತದಾರರ ನೋಂದಣಿಗೆಂದು ಹಾಕಿದ್ದ ಮೇಜಿನ ಹಿಂದೆ ಒಂದು ಮಧ್ಯಾಹ್ನ ಕುಳಿತಿದ್ದೆ. ಮತದಾನ ಪವಿತ್ರ ಕರ್ತವ್ಯವೆಂಬ ಭಾಷಣ ಮುಗಿದು, ಪ್ರತಿಜ್ಞೆಯೂ ಆಗಿ, ವಿದ್ಯಾರ್ಥಿಗಳು ಊಟಕ್ಕೆ ಏಳುವ ಆತುರದಲ್ಲಿದ್ದರು. ಹೊಸ ಮತದಾರರು ಹೆಸರು ಸೇರಿಸಲು ತುಂಬುವ ನಮೂನೆ 6 ಕೇಳಿ ಪಡೆದವರು ಬೆರಳೆಣಿಕೆಯಷ್ಟು. ಆಗ ಉಪನ್ಯಾಸಕಿಯೊಬ್ಬರು ಎದ್ದು, "ಇವತ್ತು ಬೆಳಿಗ್ಗೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡ್ಕೊಂಡು ನಿಂತು ಬಂದೋರು ಎಷ್ಟು ಜನ?" ಎಂದು ಕೇಳಿದರು. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ನಮ್ಮೂರ ಘಟಕ ಕೆಟ್ಟು ಮೂರು ತಿಂಗಳಾಯ್ತು, ಪಕ್ಕದೂರಿಂದ ತರ್ತೀವಿ. ಇದನ್ನ ಯಾರನ್ನ ಕೇಳ್ಬೇಕು?" ಎಂದಳು. ಆಮೇಲೆ ಒಂದು ಗಂಟೆ ಊಟದ ಮಾತೇ ಬರಲಿಲ್ಲ, ಮೇಜಿನ ಮೇಲಿದ್ದ ನಮೂನೆಗಳೂ ಉಳಿಯಲಿಲ್ಲ.

1989ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದಾಗ, ಆ ವಯಸ್ಸಿನವರಿಗೆ ತಮ್ಮ ಬದುಕಿನ ಕುರಿತು ತೀರ್ಮಾನಿಸುವ ಬುದ್ಧಿಯಿದೆ ಎಂದು ದೇಶ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡ ಮೇಲೆ ಅವರೊಡನೆ ಅವರ ಬದುಕಿನ ವಿಷಯವನ್ನೇ ಮಾತನಾಡಬೇಕು. ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿ, ಸಿಕ್ಕ ನೀರಿನಲ್ಲಿ ಫ್ಲೋರೈಡ್, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ನಮ್ಮ ಕೆರೆಗಳಿಗೆ ಹರಿಯುತ್ತಿರುವ, ಎರಡು ಹಂತಗಳಲ್ಲಿ ಮಾತ್ರ ಶುದ್ಧೀಕರಿಸಿದ ತ್ಯಾಜ್ಯನೀರು: ಇವು ಇಲ್ಲಿನ ಹದಿನೆಂಟರ ಮಕ್ಕಳಿಗೆ ಪುಸ್ತಕದ ಪಾಠವಲ್ಲ. ಪಶ್ಚಿಮಘಟ್ಟದ ನೀರನ್ನು ನಮ್ಮ ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾದ 2014ರಲ್ಲಿ ಎಂಟು ವರ್ಷದ ಮಗುವಾಗಿದ್ದವರು 2024ರ ವೇಳೆಗೆ ಮತದಾರರಾದರು. ಆ ವರ್ಷ ಸಕಲೇಶಪುರದ ಬಳಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತೇ ಹೊರತು ನೀರು ಕೋಲಾರದ ಕೆರೆಗಳನ್ನು ಮುಟ್ಟಿರಲಿಲ್ಲ. ಇಷ್ಟು ಕಾದ ಪೀಳಿಗೆಗೆ ಬರೀ ಘೋಷವಾಕ್ಯ ಹೇಳಿ ಕಳಿಸುವುದು ನನಗೆ ಅವಮಾನವೆಂದೇ ತೋರುತ್ತದೆ.

ಒಂದು ಮತದಿಂದ ಏನಾದೀತು ಎನ್ನುವವರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನಲ್ಲಿ ಘೋಷಣೆಯಾದ ಗೆಲುವಿನ ಅಂತರ 248 ಮತ. ನೀರಿನ ಪ್ರಶ್ನೆ ಹಿಡಿದು ನಾಲ್ಕೈದು ತರಗತಿಗಳ ಮಕ್ಕಳು ಒಟ್ಟಾಗಿ ಹೋದರೆ ಅಷ್ಟು ಮತವಾಗುತ್ತದೆ.

ವಿರೋಧ

ಆ ಹುಡುಗಿ ಕೇಳಿದ "ಯಾರನ್ನ ಕೇಳ್ಬೇಕು" ಎಂಬ ಪ್ರಶ್ನೆಗೆ ಅಂದು ಯಾರೂ ನೇರವಾಗಿ ಉತ್ತರಿಸಲಿಲ್ಲ, ನಾನೂ ಉತ್ತರಿಸಲಿಲ್ಲ. ಊರಿನ ನೀರಿನ ಘಟಕದ ದುರಸ್ತಿ ಪಂಚಾಯತ್ ರಾಜ್ ವ್ಯವಸ್ಥೆಗೆ ಸೇರಿದ ಕೆಲಸ. ಸಂಸತ್ತಿಗೆ ಹಾಕಿದ ಮತ ಅದನ್ನು ಸರಿಪಡಿಸದು. ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ, ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ತಕರಾರುಗಳಲ್ಲಿ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಅಲ್ಲಿ ಆಕೆಯ ಊರನ್ನು ಪ್ರತಿನಿಧಿಸಬೇಕಾದ ಕುರ್ಚಿಯೇ ಖಾಲಿಯಿದ್ದಾಗ, ನೀರು ಬೇಕಾದರೆ ಮತ ಹಾಕು ಎಂದು ಹೇಳುವುದು ಆಕೆಗೆ ಕೊಟ್ಟ ಸುಳ್ಳು ಭರವಸೆಯಾಗುತ್ತದೆ. ಭರವಸೆ ಹುಸಿಯಾದ ಮೇಲೆ ಎರಡನೆಯ ಚುನಾವಣೆಗೆ ಆಕೆಯನ್ನು ಯಾವ ಮಾತು ಹೇಳಿ ಕರೆಯುತ್ತೇವೆ? ಎತ್ತಿನಹೊಳೆಯ ಹೆಸರು ಹೇಳಿ 2014ರಿಂದ ಎಷ್ಟೋ ವೇದಿಕೆಗಳಲ್ಲಿ ಮತ ಕೇಳಿದ್ದಾರೆ; ಅಪ್ಪ ಅಮ್ಮನ ಬೇಸರವನ್ನು ಮಕ್ಕಳು ಮನೆಯಲ್ಲೇ ಕಂಡು ಬೆಳೆದಿದ್ದಾರೆ.

ಇನ್ನೊಂದು ತೊಡಕು ಕರೆಯುವವರದ್ದು. ನೋಂದಣಿ ಮಾಡಿಸುವವರು ಮತದಾರರಲ್ಲಿ ಅರಿವು ಮೂಡಿಸುವ ಚುನಾವಣಾ ಆಯೋಗದ ಸ್ವೀಪ್ ಸಮಿತಿಯವರು, ಸರ್ಕಾರಿ ನೌಕರರು. ನೀರು ಏಕೆ ಬರಲಿಲ್ಲ ಎಂಬ ಚರ್ಚೆ ತೆರೆದ ಕ್ಷಣದಲ್ಲಿ ಯಾರದೋ ತಪ್ಪು ಎತ್ತಿ ಹೇಳಬೇಕಾಗುತ್ತದೆ, ಅಲ್ಲಿಗೆ ನಿಷ್ಪಕ್ಷಪಾತದ ಮಾತು ಮುಗಿಯಿತು. ಆ ಉಪನ್ಯಾಸಕಿಯ ಧೈರ್ಯವನ್ನು ನಾನು ಮೆಚ್ಚುತ್ತೇನೆ, ಆದರೆ ಅದನ್ನೇ ಎಲ್ಲ ಕಾಲೇಜುಗಳಿಗೂ ಪದ್ಧತಿಯಾಗಿಸಲು ಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಯುವಕರಿಗೆ ಮನಸ್ಸಿಲ್ಲ ಎಂಬ ನಂಬಿಕೆಯಲ್ಲಿಯೇ ತಪ್ಪಿದೆ. ಬೆಳಗಿನ ಜಾವ ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತುವವರನ್ನು ನೋಡಿದರೆ ಇದು ತಿಳಿಯುತ್ತದೆ. ಬಾಗಿಲಲ್ಲಿ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಬುತ್ತಿಯ ಚೀಲ ಹಿಡಿದು ನಿಂತ ಹುಡುಗರಲ್ಲಿ ನೀರಿನ ಕಷ್ಟ ಗೊತ್ತಿಲ್ಲದವನು ಒಬ್ಬನೂ ಇರಲಾರ. ಮತದಾನದ ದಿನ ವೇತನಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ, ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಬೆಂಗಳೂರಿನಲ್ಲೇ ಕೊಠಡಿ ಮಾಡಿ ನೆಲೆಸಿದವರು ನಮೂನೆ 8 ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಈ ಎರಡನ್ನೂ ಅವರಿಗೆ ಯಾರೂ ಕೂತು ವಿವರಿಸಿಲ್ಲ. ಅದನ್ನು ಬಿಟ್ಟು ಪ್ರೇರಣೆಯ ಭಾಷಣಕ್ಕೆ ಹೊರಟರೆ ಹಸಿದವನಿಗೆ ಊಟದ ರುಚಿ ವರ್ಣಿಸಿದಂತಾಗುತ್ತದೆ.

ನನಗೆ ಪರಿಚಯದ ಹುಡುಗನೊಬ್ಬ 2024ರ ಏಪ್ರಿಲ್ 26ರಂದು ಮತ ಹಾಕಲೆಂದೇ ಗುರುತಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಬಿಡುವುದಾಗಿ ಹೇಳಿದ್ದ ಗುತ್ತಿಗೆದಾರ ಪಾಳಿ ಮುಗಿಯುವವರೆಗೂ ಬಿಡಲಿಲ್ಲ. ಊರಿನ ಮತಗಟ್ಟೆ ಸಂಜೆ ಆರಕ್ಕೆ ಮುಚ್ಚಿತು. ಅವನು ಬಂಗಾರಪೇಟೆಯಲ್ಲಿ ಇಳಿದಾಗ ಏಳೂವರೆಯಾಗಿತ್ತು.