ರನ್‌ಸರ್ವರ್ ಅನ್ನು ಲೋಕಕ್ಕೆ ತೆರೆದಿಡಬೇಡಿ, ದಯವಿಟ್ಟು

ಇವತ್ತು ಬೆಳಗ್ಗೆ ಒಂದು ಸಂಸ್ಥೆಯ ಜಾಲತಾಣದಲ್ಲಿ ಅರ್ಜಿ ತುಂಬೋಕೆ ಕೂತೆ. ಫೋಟೋ ಸೇರಿಸಿ ಬಟನ್ ಒತ್ತಿದ್ದೇ ತಡ, ಪೈಥಾನ್‌ನಲ್ಲಿ ಜಾಲತಾಣ ಕಟ್ಟೋಕೆ ಬಳಸುವ ಜಾಂಗೋದ ಆ ಹಳದಿ ಎರರ್ ಪುಟ ಬಂತು. ಕೋಡ್‌ನ ಸಾಲುಗಳು, ಫೈಲ್‌ಗಳು ಎಲ್ಲಿವೆ ಅನ್ನೋದು, ಒಳಗಿನ ವೇರಿಯಬಲ್‌ಗಳು, ಅವುಗಳ ನಡುವೆ ನಾನೇ ಬರೆದಿದ್ದ ಫೋನ್ ನಂಬರ್, ಎಲ್ಲ ಬಟಾಬಯಲು. ವಿಳಾಸದ ಕೊನೆಗೆ 8000 ಅಂತ ಪೋರ್ಟ್ ಬೇರೆ, ಜಾಂಗೋ ಜೊತೆಗೇ ಬರುವ ಪ್ರಯೋಗದ ಸರ್ವರ್ ಆದ ರನ್‌ಸರ್ವರ್‌ನ ವಾಡಿಕೆಯ ಸಂಖ್ಯೆ ಅದು. ವಿಚಾರಿಸಿದರೆ ಊಹೆ ಸರಿಯಾಗೇ ಇತ್ತು. ತಪ್ಪು ಹುಡುಕೋಕೆ ಒಳಗಿನದ್ದೆಲ್ಲ ತೋರಿಸುವ ಡೀಬಗ್ ಆನ್ ಇಟ್ಟು ಸೀದಾ ರನ್‌ಸರ್ವರ್ ಅನ್ನೇ ಜನರ ಮುಂದೆ ಓಡಿಸುತ್ತಿದ್ದಾರೆ. ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಅನ್ನ ತಿನ್ನೋದೇ ಈ ಕೆಲಸದಿಂದ, ನಿಮಗೆಲ್ಲ ಗೊತ್ತು. ಅದಕ್ಕೇ ಇದು ಇಷ್ಟು ಚುಚ್ಚುತ್ತದೆ. ರನ್‌ಸರ್ವರ್ ಇರೋದು ಕೋಡ್ ಬರೆಯುವಾಗ ನಮ್ಮ ಲ್ಯಾಪ್‌ಟಾಪ್‌ನಲ್ಲಿ ನೋಡಿಕೊಳ್ಳೋಕೆ. ಇದನ್ನು ಪ್ರೊಡಕ್ಷನ್‌ನಲ್ಲಿ, ಅಂದರೆ ಜನ ಬಳಸುವ ಸೈಟಿನಲ್ಲಿ, ಬಳಸಬೇಡಿ, ಭದ್ರತೆಯ ಪರೀಕ್ಷೆಗೆ ಒಳಪಟ್ಟಿಲ್ಲ ಅಂತ ಜಾಂಗೋ ಮಾಡಿದವರೇ ತಮ್ಮ ದಾಖಲೆಯಲ್ಲಿ ಬರೆದಿದ್ದಾರೆ. ಅದಕ್ಕಿಂತ ಸ್ಪಷ್ಟವಾಗಿ ಹೇಳೋದು ಹೇಗೆ?

ಸರಿಯಾದ ದಾರಿ ಗುಟ್ಟೇನಲ್ಲ. ಮುಂದೆ ಜನರ ಕೋರಿಕೆಗಳನ್ನು ಬರಮಾಡಿಕೊಳ್ಳುವ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್, ಅದರ ಹಿಂದೆ ಪೈಥಾನ್ ಆ್ಯಪ್ ಓಡಿಸುವ ಸರ್ವರ್ ಗುನಿಕಾರ್ನ್, ಅದರೊಳಗೆ ಜಾಂಗೋ. ಸರ್ವರ್‌ಗೂ ಪೈಥಾನ್ ಆ್ಯಪ್‌ಗೂ ನಡುವಿನ ಒಪ್ಪಂದವಾದ ಡಬ್ಲ್ಯುಎಸ್‌ಜಿಐ 2003ರಲ್ಲೇ ಬರಹಕ್ಕೆ ಇಳಿದಿತ್ತು. ಅದೇ ವರ್ಷ ಜರ್ಮನಿಯ ಯಾನ್ ಕ್ನೆಶ್ಕೆ ಲೈಟಿ ಎಂಬ ಇನ್ನೊಂದು ಹಗುರ ವೆಬ್ ಸರ್ವರ್ ಹೊರತಂದರು. ಮರು ವರ್ಷ ರಷ್ಯಾದ ಇಗೋರ್ ಸಿಸೊಯೆವ್ ಎನ್‌ಜಿನ್‌ಎಕ್ಸ್ ಅನ್ನು ಎಲ್ಲರಿಗೂ ಕೊಟ್ಟರು. ಒಂದೇ ಯಂತ್ರ 10,000 ಜನರನ್ನು ಒಟ್ಟಿಗೆ ಸಂಭಾಳಿಸಬೇಕು ಅನ್ನೋ ಹಟ ಇಬ್ಬರದ್ದೂ. ಎಲ್ಲ ಪುಕ್ಕಟೆ ಸಿಗುತ್ತದೆ. ಆದರೂ ರನ್‌ಸರ್ವರ್!

ಹಗುರ ಸರ್ವರ್ ಮುಂದೆ ಯಾಕೆ ಬೇಕು ಅನ್ನೋದಕ್ಕೆ ನಮ್ಮ ಮಲೆನಾಡಿನ ನೆಟ್‌ವರ್ಕ್ ಸಾಕು. ಎರಡು ಕೋರ್‌ನ ಯಂತ್ರಕ್ಕೆ ಗುನಿಕಾರ್ನ್‌ನ ವಾಡಿಕೆಯ ಲೆಕ್ಕದಲ್ಲಿ ಐದು ವರ್ಕರ್, ಅಂದರೆ ಬಂದವರ ಕೆಲಸ ಮಾಡಿಕೊಡುವ ಐದು ಪ್ರಕ್ರಿಯೆಗಳು. ಸಾಮಾನ್ಯ ಸಿಂಕ್ ವರ್ಕರ್ ಒಂದು ಸಲಕ್ಕೆ ಒಬ್ಬರ ಕೆಲಸ ಮಾತ್ರ ನೋಡುತ್ತದೆ. ಎರಡು ಕಡ್ಡಿ ಸಿಗ್ನಲ್‌ನಲ್ಲಿ ಐದು ಜನ ಫೋಟೋ ಕಳಿಸೋಕೆ ಶುರು ಮಾಡಿದರೆ ಐದೂ ವರ್ಕರ್ ಅಲ್ಲೇ ಸಿಕ್ಕಿಬೀಳುತ್ತವೆ. ಆರನೆಯವರಿಗೆ ಬರೀ ಬಿಳಿ ಪುಟ. ಎನ್‌ಜಿನ್‌ಎಕ್ಸ್ ಮುಂದಿದ್ದರೆ ಆ ನಿಧಾನದ ಫೋಟೋವನ್ನು ಪೂರ್ತಿ ತಾನೇ ಇಳಿಸಿಕೊಂಡು, ಆಮೇಲೆ ಒಂದೇ ಏಟಿಗೆ ಒಳಗೆ ದಾಟಿಸುತ್ತದೆ. ವರ್ಕರ್ ಕಾಯೋದೇ ಇಲ್ಲ. ಸಿಗ್ನಲ್ ಇಲ್ಲದ ಊರಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

"ಚಿಕ್ಕ ಸೈಟು, ದಿನಕ್ಕೆ ನಾಲ್ಕು ಜನ ಬರ್ತಾರೆ, ಇಷ್ಟೆಲ್ಲ ಬೇಕಾ" ಅಂತಾರೆ. ಬೇಕು. ಆ ನಾಲ್ವರ ಫೋನ್ ನಂಬರ್‌ಗಳೂ ಫೋನ್ ನಂಬರ್‌ಗಳೇ. "ಈಗ ಎಲ್ಲ ಕಂಟೇನರ್" ಅಂತಲೂ ಅಂತಾರೆ, ಅಂದರೆ ಆ್ಯಪ್ ಅನ್ನು ಬೇಕಾದ್ದೆಲ್ಲ ಸೇರಿಸಿ ಕಟ್ಟಿಟ್ಟ ಡಬ್ಬಿ. ಆ ಕಂಟೇನರ್ ಒಳಗೆ ಇಣುಕಿ ನೋಡಿ, ಅಲ್ಲೂ ಎಷ್ಟೋ ಕಡೆ ಇದೇ ರನ್‌ಸರ್ವರ್ ಕೂತಿರುತ್ತದೆ.

ಜನ ಯಾಕೆ ಹೀಗೆ ಮಾಡ್ತಾರೆ ಅಂತಲೂ ನನಗೆ ಗೊತ್ತು. ಡೀಬಗ್ ಆಫ್ ಮಾಡಿದ ಕೂಡಲೇ ಪುಟಕ್ಕೆ ಅಂದ ಕೊಡುವ ಸಿಎಸ್‌ಎಸ್ ಮಾಯ. ಪುಟ ಬೋಳುಬೋಳು. ಹೆದರಿ ಮತ್ತೆ ಆನ್ ಮಾಡ್ತಾರೆ. ಅಯ್ಯೋ, ಡೀಬಗ್ ಇಲ್ಲದಾಗ ಸಿಎಸ್‌ಎಸ್‌ನಂಥ ಸ್ಟ್ಯಾಟಿಕ್ ಫೈಲ್ ಬಡಿಸೋದು ರನ್‌ಸರ್ವರ್‌ನ ಕೆಲಸ ಅಲ್ಲ! ಆ ಫೈಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಸೇರಿಸುವ ಜಾಂಗೋದ ಕಲೆಕ್ಟ್‌ಸ್ಟ್ಯಾಟಿಕ್ ಆದೇಶ ಓಡಿಸಿ, ಆ ಫೋಲ್ಡರ್ ಅನ್ನು ಎನ್‌ಜಿನ್‌ಎಕ್ಸ್‌ಗೆ ತೋರಿಸಿ, ಮುಗೀತು.

ಎರಡನೇ ಭಯ 502, ಅಂದರೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅಂತ ಎನ್‌ಜಿನ್‌ಎಕ್ಸ್ ತೋರಿಸುವ ಎರರ್. ಎನ್‌ಜಿನ್‌ಎಕ್ಸ್ ಹಾಕಿದ ಮೊದಲ ದಿನವೇ ಅದು ಬರುತ್ತದೆ. ಆಗ ಎರರ್ ಲಾಗ್ ಓದಿ, ಕಾರಣ ಅಲ್ಲೇ ಇರುತ್ತದೆ. ಅಲ್ಲಿ ಎರರ್ ಸಂಖ್ಯೆ 2 ಅಂತ ಇದ್ದರೆ, ಎನ್‌ಜಿನ್‌ಎಕ್ಸ್ ಮತ್ತು ಗುನಿಕಾರ್ನ್ ಮಾತಾಡಿಕೊಳ್ಳುವ ಸಾಕೆಟ್ ಫೈಲೇ ಆ ಜಾಗದಲ್ಲಿ ಇಲ್ಲ. 111 ಇದ್ದರೆ ಆ ಕಡೆ ಗುನಿಕಾರ್ನ್ ಕೇಳಿಸಿಕೊಳ್ಳುತ್ತಿಲ್ಲ. 13 ಇದ್ದರೆ ಅನುಮತಿ ಇಲ್ಲ. ಈ 13 ಜಾಸ್ತಿ ಕಾಡೋದು ಸಾಕೆಟ್ ಅನ್ನು ಹೋಮ್ ಫೋಲ್ಡರ್‌ನಲ್ಲಿ ಇಟ್ಟಾಗ. ಈಗಿನ ಉಬುಂಟುವಿನಲ್ಲಿ ಬೇರೆ ಯೂಸರ್‌ಗಳು ಆ ಫೋಲ್ಡರ್ ಒಳಗೆ ಕಾಲಿಡೋ ಹಾಗಿಲ್ಲ. ಸಾಕೆಟ್ ಅನ್ನು ರನ್ ಫೋಲ್ಡರ್‌ಗೆ ಸಾಗಿಸಿದರೆ ಆಯ್ತು. ಅದನ್ನು ಬಿಟ್ಟು ಎಲ್ಲದಕ್ಕೂ 777, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡೋ ಅನುಮತಿ, ಕೊಟ್ಟು ಮನೆ ಬಾಗಿಲು ಕಿತ್ತು ಪಕ್ಕಕ್ಕಿಡೋದು ಯಾವ ಪರಿಹಾರ?

ಒಂದು ಮಾತು ಹೇಳಲೇಬೇಕು. ಈ ಜೋಡಣೆ ಕೆಲಸ ನನಗೆ ಕೋಡ್ ಬರೆಯೋದಕ್ಕಿಂತ ಇಷ್ಟ. 502 ಹೋಗಿ ಮೊದಲ ಪುಟ ಸಾಕೆಟ್ ದಾಟಿ ಬಂದಾಗ ಇವತ್ತಿಗೂ ಕುರ್ಚಿಯಿಂದ ಎದ್ದು ಓಡಾಡ್ತೀನಿ. ಹೊಸ ಹುಡುಗರು ಅದನ್ನು ಸುಮ್ನೆ ಹೆದರಿ ತಪ್ಪಿಸಿಕೊಳ್ಳೋದು ನೋಡಿದರೆ ಸಂಕಟ ಆಗುತ್ತದೆ.

ಆ ಸಂಸ್ಥೆಯವರಿಗೆ ಬರೆದಿದ್ದೇನೆ, ಬಂದು ಮಾಡಿಕೊಡ್ತೀನಿ ಅಂತಲೂ ಹೇಳಿದ್ದೇನೆ. ನಿಮ್ಮಲ್ಲಿ ಯಾರ ಸೈಟಾದರೂ ಹೀಗೆ ಓಡುತ್ತಿದ್ದರೆ ಇವತ್ತೇ ಡೀಬಗ್ ಆಫ್ ಮಾಡಿ. 502 ಬಂದರೆ ಲಾಗ್‌ನ ಕೊನೆಯ ಸಾಲು ನನಗೆ ಕಳಿಸಿ, ಭಾನುವಾರ ಒಟ್ಟಿಗೆ ಕೂತು ಸರಿಮಾಡೋಣ. ಫೋಟೋ ಅಪ್‌ಲೋಡ್ ಇದ್ದರೆ ಎನ್‌ಜಿನ್‌ಎಕ್ಸ್‌ನ ಬಾಡಿ ಸೈಜ್ ಮಿತಿಯನ್ನೂ ಏರಿಸಿ. ಅದು ತಾನಾಗೇ 1 ಎಂಬಿ ಇರುತ್ತದೆ, ಈಗಿನ ಮೊಬೈಲ್ ಫೋಟೋಗಳಿಗೆ ಸಾಲೋದಿಲ್ಲ.